ಹದಿನಾರು ಹಸಿರು ಚೀಟಿ

"ಹನ್ನೆರಡರ ತನಕ ಕುಂಟ್ಕೊಂಡು ಬಂದೋರು ಹದಿಮೂರರಿಂದ ಎಲ್ರೂ ಒಟ್ಟಿಗೆ ಕುದುರೆ ಹತ್ತಿಬಿಟ್ರಾ?"

ಮೂರನೇ ಕ್ಲಾಸಿನ ಟೀಚರ್ ಇದನ್ನು ಗಟ್ಟಿಯಾಗಿಯೇ ಕೇಳಿದಳು. ಕೇಳಿದ್ದು ಮಾತ್ರ ಯಾರನ್ನೂ ಅಲ್ಲ. ಬುಧವಾರ, ಶಾಲೆ ಬಿಟ್ಟು ಕಾಲು ಗಂಟೆಯಾಗಿತ್ತು. ಡೆಸ್ಕುಗಳ ಮೇಲೆ ಕಾಲು ಮೇಲಾಗಿ ಏರಿಸಿಟ್ಟ ಕುರ್ಚಿಗಳು, ಅರ್ಧಂಬರ್ಧ ಒರೆಸಿದ ಬೋರ್ಡು, ಯಾರೋ ಮರೆತುಹೋದ ನೀರಿನ ಬಾಟಲಿ, ಇಷ್ಟೇ ಅವಳ ಎದುರಿಗಿದ್ದವು. ಮೇಜಿನ ಮೇಲೆ ಅವಳು ಅಂಕಿ ತುಂಬುತ್ತಿದ್ದ ರಿಜಿಸ್ಟರು. ಪಕ್ಕದಲ್ಲಿ, ಸ್ಟಾಫ್ ರೂಮಿನಿಂದ ತಂದುಕೊಂಡ ಇಪ್ಪತ್ತೆಂಟು ಬಣ್ಣದ ಚೀಟಿ.

ಆ ಶಾಲೆಯಲ್ಲಿ ಓದಿನ ಪರೀಕ್ಷೆ ಎಂದರೆ ಒಂದು ನಿಮಿಷದ ಕೆಲಸ. ಮಗುವಿನ ಕೈಗೆ ಒಂದು ಪುಟದ ಪಾಠ ಕೊಡುವುದು, ಗಡಿಯಾರದ ಗುಂಡಿ ಒತ್ತುವುದು, ನಿಮಿಷ ಮುಗಿಯುವಷ್ಟರಲ್ಲಿ ಮಗು ಎಷ್ಟು ಪದ ಸರಿಯಾಗಿ ಓದಿತು ಎಂದು ಎಣಿಸುವುದು. ಅರವತ್ತು ಮುಟ್ಟಿದರೆ ಹಸಿರು ಚೀಟಿ, ಮೂವತ್ತು ಮುಟ್ಟಿದರೆ ಹಳದಿ, ಅದಕ್ಕೂ ಕೆಳಗಾದರೆ ಕೆಂಪು. ಚೀಟಿಯ ಮೇಲೆ ಮಗುವಿನ ಹೆಸರು, ಪದಗಳ ಲೆಕ್ಕ. ಸ್ಟಾಫ್ ರೂಮಿನ ಗೋಡೆಗೆ ತೂಗುಹಾಕಿದ ಬಟ್ಟೆಯ ಜೇಬುಗಳಲ್ಲಿ ಅವನ್ನು ಬಣ್ಣಬಣ್ಣಕ್ಕೆ ಬೇರೆ ಮಾಡಿ ಸಿಕ್ಕಿಸುವುದು. ಪ್ರತಿ ಗುರುವಾರ ಸಂಜೆ ಮೂರು ಜನ ಆ ಗೋಡೆಯ ಮುಂದೆ ಕೂತು, ಯಾವ ಮಗುವಿಗೆ ಮುಂದಿನ ವಾರ ಏನು ಓದಿಸಬೇಕು, ಯಾರನ್ನು ಯಾರ ಜೊತೆ ಕೂರಿಸಬೇಕು ಎಂದು ತೀರ್ಮಾನಿಸುತ್ತಿದ್ದರು. ಕೆಂಪು, ಹಳದಿಯವರಿಗೆ ಮಧ್ಯಾಹ್ನ ಒಂದು ಗಂಟೆ ಹೆಚ್ಚಿನ ಓದು. ಅದಕ್ಕೆಂದೇ ಬೇರೆ ಒಬ್ಬ ಟೀಚರ್ ಇದ್ದಳು. ಮಕ್ಕಳ ಬಾಯಲ್ಲಿ ಓದಿನಕ್ಕ. ಕ್ಲಾಸಿನ ಮೂರರಲ್ಲಿ ಎರಡು ಪಾಲು ಮಕ್ಕಳು ಹಸಿರಾದರೆ ಆ ಗಂಟೆ ನಿಂತುಹೋಗುತ್ತದೆ, ಓದಿನಕ್ಕ ಬೇರೆ ಶಾಲೆಗೆ ಹೋಗುತ್ತಾಳೆ. ಇದು ಮೇಲಿನ ಆಫೀಸಿನ ನಿಯಮ.

ವರ್ಷದ ಮೊದಲಿಗೆ ಹಸಿರು ಒಂಬತ್ತಿದ್ದವು. ಈ ಸಲ ಇಪ್ಪತ್ತೊಂದು. ಹೆಡ್ ಸರ್ ಸೋಮವಾರ ಸಂಜೆಯೇ ಆಫೀಸಿಗೆ ಫೋನ್ ಮಾಡಿ ಹೇಳಿಬಿಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ಅವರದು ಎತ್ತಿದ ಕೈ.

ಗೋಡೆಯ ಜೇಬುಗಳಲ್ಲಿ ಬಣ್ಣ ಕಾಣುತ್ತದೆಯೇ ಹೊರತು ಯಾರ ಹಿಂದೆ ಯಾರು ಓದಿದರೆಂಬುದು ಕಾಣುವುದಿಲ್ಲ. ರಿಜಿಸ್ಟರು ಹಾಗಲ್ಲ, ಅದಕ್ಕೆ ಹಾಜರಿ ನಂಬರೇ ಗತಿ; ಮಕ್ಕಳು ಓದಿದ್ದೂ ಅದೇ ಕ್ರಮದಲ್ಲಿ. ಒಂದನೇ ನಂಬರು ನಲವತ್ತೊಂದು ಪದ. ಎರಡನೆಯದು ಅರವತ್ತಮೂರು. ಮೂರನೆಯದು ಇಪ್ಪತ್ತೊಂಬತ್ತು. ಹೀಗೆ ಹನ್ನೆರಡರವರೆಗೆ ಹಳ್ಳ ದಿಣ್ಣೆ; ಮಕ್ಕಳೆಂದ ಮೇಲೆ ಹಾಗೇ ಇರಬೇಕು. ಹದಿಮೂರು ಬಂದಾಗ ಅರವತ್ತೆರಡು. ಆಮೇಲೆ ಅರವತ್ತನಾಲ್ಕು, ಅರವತ್ತೇಳು, ಎಪ್ಪತ್ತು, ಎಪ್ಪತ್ತು, ಎಪ್ಪತ್ತನಾಲ್ಕು. ಕೊನೆಯ ಇಪ್ಪತ್ತೆಂಟನೇ ನಂಬರಿನದು ತೊಂಬತ್ತೊಂದು. ಯಾರೋ ಮೆಟ್ಟಿಲು ಕಟ್ಟಿಟ್ಟ ಹಾಗೆ.

ಹಾಡುವ ಸಾಲಿನಲ್ಲಿ ಒಂದು ಮಾತ್ರೆ ಹೆಚ್ಚಾದರೂ ಅವಳ ಕಿವಿಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು. ಈಗ ಚುಚ್ಚಿದ್ದು ತಪ್ಪಲ್ಲ, ನುಣುಪು. ಇಷ್ಟು ನುಣುಪಾದ ಸಾಲನ್ನು ಮಕ್ಕಳು ಕಟ್ಟುವುದಿಲ್ಲ.

ಎದ್ದು ಬಾಗಿಲಿಗೆ ಬಂದಳು. ಹೊರಗೆ ಕಾರಿಡಾರು, ಕ್ಲಾಸಿನ ಕಿಟಕಿಯ ಕೆಳಗೆ ಒಂದು ಪುಟ್ಟ ಮೇಜು, ಎರಡು ಕುರ್ಚಿ, ಮೊಳ ದೂರದಲ್ಲಿ ಕಾಯುವವರ ಬೆಂಚು. ಸೋಮವಾರ ಪರೀಕ್ಷೆ ನಡೆದದ್ದು ಇಲ್ಲಿ. ಪಕ್ಕದ ಕೋಣೆಯ ತುಂಬ ಮುರಿದ ಡೆಸ್ಕು ತುಂಬಿದ್ದಾರೆ, ಅವನ್ನು ಯಾರು ಎತ್ತಬೇಕು, ಇಲ್ಲೇ ಆಗಲಿ ಎಂದವಳು ಅವಳೇ. ಆಫೀಸಿನಿಂದ ಬರುವ ಪರೀಕ್ಷೆಯ ಪೆಟ್ಟಿಗೆಯಲ್ಲಿ ಮೂರು ಪಾಠಗಳಿರುತ್ತವೆ. ಒಂಬತ್ತು ಹತ್ತು ಮಕ್ಕಳಿಗೊಮ್ಮೆ ಪಾಠ ಬದಲಿಸಬೇಕೆಂದು ಮುಚ್ಚಳದ ಮೇಲೇ ಅಚ್ಚಾಗಿದೆ. ಅವಳು ಬದಲಿಸಲಿಲ್ಲ. ಮೊದಲ ಪಾಠ ಒಬ್ಬ ಸೇತುವೆ ಕಾವಲುಗಾರನದು. 'ಸೇತುವೆಯ ಕೆಳಗೆ ನೀರು, ಸೇತುವೆಯ ಮೇಲೆ ಊರು' ಎಂದು ಶುರುವಾಗುತ್ತಿತ್ತು. ಕೇಳುವುದಕ್ಕೆ ಅಷ್ಟು ಚೆಂದವಿತ್ತು. ಇನ್ನೊಮ್ಮೆ ಕೇಳೋಣ, ಇನ್ನೊಮ್ಮೆ ಕೇಳೋಣ ಎಂದು ಇಪ್ಪತ್ತೆಂಟು ಸಲ ಕೇಳಿದ್ದಳು, ಕಣ್ಣು ಮುಚ್ಚಿಕೊಂಡು. ಮಕ್ಕಳು ಅವಳಿಗೆ ಕಿವಿ ಟೀಚರ್ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಯಾರಾದರೂ ಓದತೊಡಗಿದರೆ ಅವಳ ಕಣ್ಣು ತಾನಾಗಿ ಮುಚ್ಚುತ್ತಿತ್ತು, ದೇವರ ಮುಂದೆ ಕೂತವರ ಹಾಗೆ.

ಕಿಟಕಿಯ ಒಳಗೆ ಇಡೀ ಕ್ಲಾಸು ತುಟಿಪಿಟಕ್ಕೆನ್ನದೆ ಕೂತಿತ್ತು. ಅವಳೇ ಹಾಗೆ ಕೂರಿಸಿದ್ದಳು.

ಊಟಕ್ಕೆ ಮುಂಚೆ ಓದಿದವರು ಹನ್ನೆರಡು ಜನ. ಊಟದ ಬಿಡುವಿನಲ್ಲಿ ಹುಡುಗಿಯರು ಅಂಗಳದಲ್ಲಿ ಹಗ್ಗ ಹಾರುತ್ತಿದ್ದರು. ಹಾರುವಾಗ ಏನೋ ಹೇಳಿಕೊಳ್ಳುತ್ತಿದ್ದರು. ಅದೂ ಈಗ ನೆನಪಾಯಿತು. ಸೇತುವೆಯ ಕೆಳಗೆ ನೀರು, ಒಂದು ನೆಗೆತ. ಸೇತುವೆಯ ಮೇಲೆ ಊರು, ಇನ್ನೊಂದು ನೆಗೆತ. ಪಾಠ ಮಕ್ಕಳಿಗೆ ಎಷ್ಟು ಹಿಡಿಸಿದೆ ನೋಡು ಎಂದು ಅವಳು ಸ್ಟಾಫ್ ರೂಮಿನಲ್ಲಿ ಹಿಗ್ಗಿಕೊಂಡು ಹೇಳಿಯೂ ಇದ್ದಳು.

"ಅಯ್ಯೋ ದೇವರೇ," ಎಂದಳು ಟೀಚರ್. ಈ ಸಲ ಕೇಳಿಸಿಕೊಳ್ಳುವವರಿದ್ದರು.

"ಬಾಟಲಿ ನಂದಲ್ಲ ಟೀಚರ್," ಎಂದಿತು ಬೆಂಚಿನ ಮೇಲಿಂದ ಒಂದು ದನಿ.

ಅದು ರೈಲು. ಎಲ್ಲೂ ನಿಲ್ಲದೆ ಓದುತ್ತಾಳೆಂದು ಕ್ಲಾಸಿನವರು ಇಟ್ಟ ಹೆಸರು. ಟೀಚರುಗಳ ಬಾಯಿಗೂ ಅದೇ ಬಂದಿತ್ತು. ಅವಳ ಅಮ್ಮನಿಗೆ ಹೊಲಿಗೆ ಅಂಗಡಿ. ಕೊನೆಯ ಗಿರಾಕಿಯನ್ನು ಕಳಿಸಿ ಬರುವ ತನಕ ಹುಡುಗಿ ದಿನಾ ಅರ್ಧ ಗಂಟೆ ಆ ಬೆಂಚಿನ ಮೇಲೆ ಕಾಲು ಆಡಿಸುತ್ತ ಕೂತಿರುತ್ತಿದ್ದಳು. ಹಾಜರಿ ನಂಬರು ಇಪ್ಪತ್ತನಾಲ್ಕು. ಪದ ಎಂಬತ್ತೆಂಟು.

"ಬಾಟಲಿ ವಿಷಯ ಅಲ್ಲ ಪುಟ್ಟಾ. ಬಾ, ನಂಗೊಂಚೂರು ಸೇತುವೆ ಪಾಠ ಓದ್ಹೇಳು."

"ಮತ್ತೇನಾ? ಸರಿ."

ಹುಡುಗಿ ಪುಟ ಹಿಡಿದು ಬೆರಳಿಟ್ಟು ಹೊರಟಳು. ಟೀಚರ್ ಈ ಸಲ ಕಣ್ಣು ಮುಚ್ಚಲಿಲ್ಲ. ದನಿ ಹಾಗೇ ಇತ್ತು, ತೊರೆ ಹರಿದ ಹಾಗೆ. ಆದರೆ ದನಿ ಮೂರನೇ ಸಾಲಿನಲ್ಲಿದ್ದಾಗ ಬೆರಳು ಐದನೇ ಸಾಲು ದಾಟಿತ್ತು. ಕಣ್ಣು ಬೆರಳಿನ ಮೇಲೂ ಇರಲಿಲ್ಲ. ಕಿಟಕಿಯ ಸರಳಿನ ಮೇಲೆ ಕೂತ ಪಾರಿವಾಳದ ಮೇಲಿತ್ತು. ಬೆರಳು ಪುಟದ ತುದಿಗೆ ಬಂದು ನಿಂತಿತು. ಬಾಯಿ ನಿಲ್ಲಲಿಲ್ಲ.

ಟೀಚರ್ ಮೆಲ್ಲನೆ ಆ ಪುಟ ತೆಗೆದುಕೊಂಡು, ಪೆಟ್ಟಿಗೆಯಿಂದ ಮುಟ್ಟದೇ ಇಟ್ಟಿದ್ದ ಎರಡನೇ ಪಾಠ ಕೊಟ್ಟಳು. ಅದು ಗಡಿಯಾರ ರಿಪೇರಿಯವನೊಬ್ಬನದು. ರೈಲು ಪುಟ ನೋಡಿದಳು, ಪಾರಿವಾಳ ನೋಡಿದಳು, ಟೀಚರ್ ಮುಖ ನೋಡಿದಳು.

"ಇದನ್ನ ನಂಗಿನ್ನೂ ಯಾರೂ ಹೇಳಿಲ್ಲ ಟೀಚರ್."

"ಹೇಳೋದಲ್ಲಮ್ಮ. ನೀನೇ ಓದ್ಬೇಕು."

"ಹ್ಞೂಂ, ಓದ್ತೀನಿ. ನೀವು ಒಂದ್ಸಲ ಹೇಳಿ, ಆಮೇಲೆ ಓದ್ತೀನಿ."

ಅವಳ ದನಿಯಲ್ಲಿ ನಾಚಿಕೆ ಇರಲಿಲ್ಲ, ಕಳ್ಳತನವೂ ಇರಲಿಲ್ಲ. ಓದುವುದೆಂದರೆ ಅದೇ ಎಂದು ಅವಳು ತಿಳಿದಿದ್ದಳು. ಗುಂಡಿ ಒತ್ತಿ ಒಂದು ನಿಮಿಷ ಕಾದಾಗ ಬಂದದ್ದು ನಾಲ್ಕು ಪದ. ಅದರಲ್ಲಿ ಒಂದು, ಪುಟದ ಮೇಲಿದ್ದ ಗಡಿಯಾರದ ಚಿತ್ರ ನೋಡಿ ಹೇಳಿದ್ದು.

ಅಷ್ಟರಲ್ಲಿ ಅಮ್ಮ ಬಂದಳು, ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. "ನಮ್ಮವಳು ಹಸಿರಂತಲ್ಲ ಟೀಚರ್! ಅಂಗಡಿಗೆ ಬಂದೋರಿಗೆಲ್ಲ ಹೇಳಿದ್ದೇ ಹೇಳಿದ್ದು. ಒಬ್ಬಾಕೆ ಅಂತೂ, 'ಲಂಗ ಸಾಕಮ್ಮ, ಮಗಳ ಪುರಾಣ ನಿಲ್ಸು' ಅಂದ್ಬಿಟ್ಲು."

ಟೀಚರ್‌ ಎರಡೂ ಪುಟ ಪೆಟ್ಟಿಗೆಯೊಳಗಿಟ್ಟಳು. "ನಾಳೆ ಸ್ವಲ್ಪ ಬೇಗ ಬನ್ನಿ, ಮಾತಾಡೋದಿದೆ," ಎಂದಷ್ಟೇ ಹೇಳಿದಳು. ಅಮ್ಮ ಮಗಳು ಗೇಟು ದಾಟುವವರೆಗೂ ಸೇತುವೆಯ ಕೆಳಗಿನ ನೀರು ಕೇಳಿಸುತ್ತಲೇ ಇತ್ತು.

*

ಟೀಚರ ಅಪ್ಪ ಬಡಗಿ. ಈಗ ಕೈ ನಡುಗುತ್ತದೆಂದು ಕೆಲಸ ಬಿಟ್ಟು ಮಗಳ ಜೊತೆಯೇ ಇದ್ದರು. ಆದರೂ ಮನೆಯ ಒಂದು ಕುರ್ಚಿಯೂ ಅಲುಗಾಡುವಂತಿರಲಿಲ್ಲ. ಅವಳು ಚಿಕ್ಕವಳಿದ್ದಾಗ ಮರ ನುಣುಪು ಮಾಡಲು ಕೀಸುಳಿ ಎಳೆಯುತ್ತ ಅವರು ಪದ್ಯ ಹೇಳುತ್ತಿದ್ದರು. ಮರ ಉದ್ದವಿದ್ದರೆ ಉದ್ದ ಸಾಲು, ಗಿಡ್ಡವಿದ್ದರೆ ಗಿಡ್ಡ ಸಾಲು. ಮರದ ಹೊಟ್ಟಿನಲ್ಲಿ ಕೂತು ಅವಳು ನೂರಾರು ಪದ್ಯ ಬಾಯಿಗೆ ತಂದುಕೊಂಡಿದ್ದಳು. ಸಂಜೆ ಪುಸ್ತಕ ಹಿಡಿದು ಅವಳು 'ಓದಿದರೆ' ಬೀದಿಯವರು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಎಲ್ಲಿ ಪುಟ ತಿರುವಬೇಕೆಂಬುದನ್ನೂ ಅವಳು ಅಪ್ಪನನ್ನು ನೋಡಿ ಕಲಿತಿದ್ದಳು. ಒಂಬತ್ತು ವರ್ಷವಾಗಿದ್ದಾಗ ಶಾಲೆಯಲ್ಲಿ ಒಬ್ಬ ಮೇಷ್ಟ್ರು ಅದೇ ಪದ್ಯಗಳ ಹೊಸ ಪುಸ್ತಕ ಕೊಟ್ಟು ಓದಿಸಿದರು. ಅದರಲ್ಲಿ ಎರಡು ಹಾಳೆ ಅಂಟಿಕೊಂಡಿದ್ದವು. ಒಳಗೆ ಸಿಕ್ಕಿಕೊಂಡಿದ್ದ, ಯಾರ ಕಣ್ಣಿಗೂ ಕಾಣದ ಎರಡು ಪದ್ಯಗಳನ್ನೂ ಅವಳು ಒಂದು ಅಕ್ಷರ ಬಿಡದೆ ಓದಿಬಿಟ್ಟಿದ್ದಳು. ಮೇಷ್ಟ್ರು ಬೈಯಲಿಲ್ಲ. ಹಾಳೆ ಬಿಡಿಸಿ ತೋರಿಸಿದರು, ಅಷ್ಟೇ. ಆ ದಿನ ಆದ ಅವಮಾನ ಅವಳ ಮೈಯಲ್ಲಿ ಇವತ್ತಿಗೂ ಒಂದು ಕಡೆ ಬೆಚ್ಚಗಿದೆ.

ಊಟಕ್ಕೆ ಕೂತಾಗ ಕೇಳಿದಳು. "ಅಪ್ಪ, ನಂಗೆ ಓದೋಕೆ ಬರ್ತಿರ್ಲಿಲ್ಲ ಅಂತ ನಿಮಗೆ ಗೊತ್ತಿತ್ತಾ?"

ಅಪ್ಪನ ಕೈ ತಟ್ಟೆಯ ಮೇಲೆ ನಿಂತಿತು. "ಮೂವತ್ತು ವರ್ಷ ಆದ್ಮೇಲೆ ಕೇಳ್ತಿದೀಯಲ್ಲ."

"ಗೊತ್ತಿತ್ತಾ?"

"ಗೊತ್ತಿತ್ತು."

"ಎಷ್ಟು ದಿನದಿಂದ?"

"ಎರಡು ವರ್ಷ ಇರ್ಬಹುದು. ನೀನು ಹೇಳ್ತಾ ಇದ್ರೆ ಕೇಳೋಕೆ ಚೆಂದ ಇತ್ತು ಕಣೇ. ಜನ ಬಂದು ನಿಲ್ತಿದ್ರು. ಅದನ್ನ ಕೆಡಿಸೋಕೆ ಮನಸ್ಸು ಬರ್ಲಿಲ್ಲ." ನೀರು ಕುಡಿದು ಲೋಟ ಕೆಳಗಿಟ್ಟರು. "ಒಳಗೆ ಗೆದ್ದಲು ಹಿಡಿದಿದೆ ಅಂತ ಗೊತ್ತಿದ್ದೂ ಮೇಲೆ ಪಾಲಿಶ್ ಹೊಡೆದೆ. ಬಡಗಿ ಮಾಡೋ ಕೆಲಸ ಅಲ್ಲ ಅದು. ಯಾಕೆ, ಈಗೇನಾಯ್ತು?"

ಆದದ್ದನ್ನೆಲ್ಲ ಅವಳು ಹೇಳಿದಳು. ಅಪ್ಪ ಕೊನೆಯವರೆಗೂ ಕೇಳಿ, "ನಿನ್ನ ತಪ್ಪು ನೀನೇ ಹೇಳ್ಕೋಬೇಕಾಗುತ್ತಲ್ಲ," ಎಂದರು.

"ಹೇಳ್ಕೋತೀನಿ."

"ಹೆಗಲು ಮುಟ್ಟಿ ನೋಡ್ಕೊಂಡ ಕುಂಬಳಕಾಯಿ ಕಳ್ಳನ್ನ ಯಾರೂ ಮೆಚ್ಚಲ್ಲ, ಮಗಳೇ."

"ನಾನು ಹೆಗಲು ಮುಟ್ಕೊಳ್ತಿಲ್ಲ ಅಪ್ಪ. ಕುಂಬಳಕಾಯಿನೇ ತಂದು ಮೇಜಿನ ಮೇಲಿಡ್ತೀನಿ."

ಅಪ್ಪ ನಕ್ಕರು. ಆಮೇಲೆ ದೇವರ ಮುಂದೆ ಕೂತಾಗ ಅವಳ ಬಾಯಿಗೆ ದಿನದ ಪದ್ಯ ಬಂತು. ಅರ್ಧಕ್ಕೆ ನಿಲ್ಲಿಸಿ, ಎದ್ದುಹೋಗಿ ಪುಸ್ತಕ ತಂದು, ಕಣ್ಣು ತೆರೆದು ಒಂದೊಂದೇ ಅಕ್ಷರ ನೋಡುತ್ತ ಮೊದಲಿಂದ ಓದಿದಳು. ನಿಧಾನವಾಯಿತು. ದೇವರಿಗೇನೂ ಅವಸರವಿರಲಿಲ್ಲ.

*

ಗುರುವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ ಅವಳು ಸೆರಗು ಸಿಕ್ಕಿಸಿ ಪಕ್ಕದ ಕೋಣೆಯಿಂದ ಮುರಿದ ಡೆಸ್ಕುಗಳನ್ನು ಎಳೆಯುತ್ತಿದ್ದಳು. ಲೆಕ್ಕದ ಮೇಷ್ಟ್ರು ಬಾಗಿಲಲ್ಲಿ ನಿಂತರು. ಚೀಟಿಗಳ ಒಟ್ಟು ಕೂಡಿಸುವುದು, ಗೋಡೆಯ ಜೇಬು ನೋಡಿಕೊಳ್ಳುವುದು ಅವರ ಪಾಲಿನ ಕೆಲಸ.

"ಏನ್ ಮೇಡಂ, ಶಾಲೆ ಖಾಲಿ ಮಾಡಿಸ್ತಿದೀರಾ?"

"ಸೋಮವಾರದ ಪರೀಕ್ಷೆ ಸುಳ್ಳು ಮೇಷ್ಟ್ರೇ. ಇವತ್ತು ಮತ್ತೆ ಮಾಡ್ತೀನಿ. ಆ ಕಡೆ ಹಿಡ್ಕೊಳ್ಳಿ."

ಮೇಷ್ಟ್ರು ಡೆಸ್ಕಿನ ಆ ಕಡೆ ಹಿಡಿದುಕೊಂಡೇ ಕಥೆ ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖದ ನಗು ಇಳಿಯಿತು. "ನಾನು ಸರಾಸರಿ ತೆಗೆದೆ, ಪಾಲು ತೆಗೆದೆ, ಗೋಡೆಗೆ ಸಿಕ್ಕಿಸಿದೆ. ಕ್ರಮವಾಗಿ ಜೋಡಿಸಿ ನೋಡೋಕೆ ಈ ಬುರುಡೆಗೆ ಹೊಳೀಲಿಲ್ಲ ನೋಡಿ," ಎಂದರು. ಆಮೇಲೆ ತಾವಾಗಿ ಇನ್ನೊಂದು ಡೆಸ್ಕು ಎಳೆದರು.

ಬಾಗಿಲು ಮುಚ್ಚಿದ ಕೋಣೆ, ಉಳಿದಿದ್ದ ಎರಡು ಪಾಠ, ಐದೈದು ಮಕ್ಕಳಿಗೊಮ್ಮೆ ಅದಲುಬದಲು. ಓದಿ ಮುಗಿಸಿದವರು ಕ್ಲಾಸಿಗೆ ಮರಳದೆ ನೇರ ಮೇಷ್ಟ್ರ ಬಳಿಗೆ ಹೋಗಬೇಕು. ಊಟಕ್ಕೆ ಮುಂಚೆ ಇಪ್ಪತ್ತೆಂಟೂ ಮುಗಿಯಿತು. ಟೀಚರ್ ಒಮ್ಮೆಯೂ ಕಣ್ಣು ಮುಚ್ಚಲಿಲ್ಲ. ಎಷ್ಟು ಪದ ಎಂಬುದರ ಜೊತೆಗೆ, ಯಾರು ಎಲ್ಲಿ ಎಡವಿದರು, ಎಡವಿ ಏನು ಮಾಡಿದರು, ಓದಿದ ಮೇಲೆ ಕಥೆ ಕೇಳಿದರೆ ಏನು ಹೇಳಿದರು, ಎಲ್ಲವನ್ನೂ ಬರೆದಿಟ್ಟಳು.

ಮಧ್ಯಾಹ್ನ ರೈಲಿನ ಅಮ್ಮ ಬೇಗ ಬಂದಳು. ಟೀಚರ್ ಸುತ್ತಿಬಳಸಲಿಲ್ಲ.

"ನಾನು ಅಳತೆ ತಪ್ಪು ತಗೊಂಡೆ ಕಣಮ್ಮ. ನಿಮ್ಮ ಮಗಳು ಕೇಳಿದ್ದನ್ನ ಕೇಳಿದ ಹಾಗೇ ಹೇಳ್ತಾಳೆ. ಓದೋಕೆ ಇನ್ನೂ ಬರಲ್ಲ."

ಅಮ್ಮ ಟೇಪಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು. ಅವಳ ಕಣ್ಣಲ್ಲಿ ಸಿಟ್ಟೇ ಇತ್ತು. "ಅಳತೆ ತಪ್ಪಿದ್ರೆ ಬಟ್ಟೆ ಕತ್ತರಿಸೋಕೆ ಮುಂಚೆ ಹೇಳ್ಬೇಕು ಟೀಚರ್. ಕತ್ತರಿ ಹಾಕಿದ್ಮೇಲೆ ಹೇಳಿದ್ರೆ ಏನು ಬಂತು?"

"ಇನ್ನೂ ಕತ್ತರಿ ಹಾಕಿಲ್ಲ."

"ಹಾಕೋಕೆ ಬಿಡಬೇಡಿ ಮತ್ತೆ."

*

ಸಂಜೆ ಮೂವರೂ ಗೋಡೆಯ ಮುಂದೆ ಕೂತರು. ಮೇಷ್ಟ್ರು ಹಳೆಯ ಚೀಟಿಗಳನ್ನು ಜೇಬಿನಿಂದ ಕಿತ್ತು ಹೊಸವನ್ನು ಸಿಕ್ಕಿಸಿದರು. ಹಸಿರು ಹನ್ನೆರಡು, ಹಳದಿ ಒಂಬತ್ತು, ಕೆಂಪು ಏಳು. ಊಟದ ನಂತರ ಓದಿದ್ದ ಹದಿನಾರು ಹಸಿರಿನಲ್ಲಿ ನಿಜವಾದದ್ದು ಏಳೇ.

ಓದಿನಕ್ಕ ಕುರ್ಚಿಯ ತುದಿಯಲ್ಲಿ ಕೂತಿದ್ದಳು, ಬ್ಯಾಗು ಮಡಿಲಲ್ಲೇ ಇತ್ತು. "ಒಂದು ಮಾತು ಹೇಳ್ಲಾ? ನಂಗೆ ಹೋಗ್ಬೇಕು ಅಂತಾನೇ ಇತ್ತು. ಆ ಇನ್ನೊಂದು ಶಾಲೆ ನಮ್ಮನೆಯಿಂದ ಎರಡು ಸ್ಟಾಪು. ಪಾಪುನ ಪಕ್ಕದ ಮನೆಯಲ್ಲಿ ಬಿಟ್ಟು ಬರ್ತೀನಿ ದಿನಾ. ಇಪ್ಪತ್ತೊಂದು ಹಸಿರು ಅಂದಾಗ ನಾನು ದೇವರಿಗೆ ಕೈ ಮುಗಿದಿದ್ದೆ."

ಟೀಚರ್ ಅವಳ ಕಡೆ ತಿರುಗಿ, "ನಿಂಗೆ ತೊಂದರೆ ಆಗುತ್ತೆ ಅಂತ ಗೊತ್ತು ಕಣೆ," ಎಂದಳು. "ಆದ್ರೂ ಬಿಡಲ್ಲ ನಾನು."

"ಬಿಡಿ ಅಂತ ಎಲ್ಲಿ ಹೇಳಿದೆ?" ಓದಿನಕ್ಕ ಬ್ಯಾಗು ಕೆಳಗಿಟ್ಟಳು. "ಎಲ್ಲಿ, ಆ ಬಿದ್ದ ಒಂಬತ್ತು ಚೀಟಿ ಕೊಡಿ."

ಮೇಜಿನ ಮೇಲೆ ಚೀಟಿ ಹರಡಿದರು. ಬಣ್ಣ ಬಿಟ್ಟು ಟೀಚರ್ ಬರೆದಿಟ್ಟ ಟಿಪ್ಪಣಿ ಓದಿದರು. ನಾಲ್ಕು ಮಕ್ಕಳು ಒತ್ತಕ್ಷರ ಬಂದಲ್ಲೆಲ್ಲ ಗಾಡಿ ಕಲ್ಲಿಗೆ ತಗುಲಿದ ಹಾಗೆ ನಿಲ್ಲುತ್ತಿದ್ದರು. ಅವರಿಗೆ ಹತ್ತು ದಿನ ಒತ್ತಕ್ಷರದ ಪಾಠವೇ ಸಾಕು. ಮೂವರು ನಿಧಾನವಾಗಿ ಪ್ರತಿ ಪದ ಸರಿಯಾಗಿ ಓದಿಯೂ, ಕಥೆ ಏನೆಂದು ಕೇಳಿದರೆ 'ಗಡಿಯಾರ' ಎಂದು ಸುಮ್ಮನಾಗುತ್ತಿದ್ದರು.

"ಇವರು ನಮ್ಮ ಹೆಡ್ ಸರ್ ಸುತ್ತೋಲೆ ಓದ್ದಂಗೆ ಓದ್ತಾರೆ," ಎಂದರು ಮೇಷ್ಟ್ರು. "ಅಕ್ಷರ ಎಲ್ಲ ಸರಿ, ತಲೆಗೆ ಮಾತ್ರ ಏನೂ ಹೋಗಿರಲ್ಲ."

ಅವರನ್ನು ಒಟ್ಟಿಗೆ ಕೂರಿಸಿ, ಪ್ರತಿ ವಾಕ್ಯಕ್ಕೂ ನಿಲ್ಲಿಸಿ ಮಾತಾಡಿಸಬೇಕೆಂದು ಗೊತ್ತಾಯಿತು. ಉಳಿದದ್ದು ಎರಡು ಚೀಟಿ. ಕಿವಿಯಿಂದ ಓದುವವರು. ಅದರಲ್ಲಿ ಒಂದು ರೈಲು.

"ಇವಳಿಗೆ ಯಾವ ಪಾಠ ಕೊಟ್ರೂ ಎರಡನೇ ದಿನ ಬಾಯಿಪಾಠ," ಎಂದಳು ಟೀಚರ್. "ನಂಗೆ ಗೊತ್ತು. ನಾನೂ ಅದೇ ಜಾತಿ."

ಓದಿನಕ್ಕ ರೈಲಿನ ಚೀಟಿ ಎತ್ತಿಕೊಂಡಳು. "ಅವಳ ಬಾಯಿಂದಾನೇ ಕಥೆ ಹೇಳಿಸೋಣ. ನಾನು ಬರ್ಕೋತೀನಿ. ಆಮೇಲೆ ಒಂದೊಂದು ಸಾಲನ್ನೂ ಕತ್ತರಿಸಿ, ಪಟ್ಟಿಪಟ್ಟಿ ಮಾಡಿ, ಕಲಸಿ ಅವಳ ಮುಂದಿಡೋಣ. ಯಾವ ಪಟ್ಟಿಯಲ್ಲಿ ಯಾವ ಸಾಲಿದೆ ಅಂತ ಕಿವಿ ಹೇಳಲ್ಲ. ಕಣ್ಣೇ ಹುಡುಕ್ಬೇಕು."

ಮೇಷ್ಟ್ರು ಚೀಟಿಯ ಹಿಂದೆ ಅದನ್ನು ಬರೆದುಕೊಂಡರು. "ಇದೆಲ್ಲ ಸರಿ. ಈಗ ಬೆಕ್ಕಿಗೆ ಗಂಟೆ ಕಟ್ಟೋರು ಯಾರು? ನಾಳೆ ಹನ್ನೊಂದಕ್ಕೆ ಪಟ್ಟಿ ಆಫೀಸಿಗೆ ಹೋಗ್ಬೇಕು. ಕ್ಲಾಸ್ ಟೀಚರ್ ಸಹಿ ಇಲ್ದೆ ಹೋಗಲ್ಲ."

"ಗಂಟೆ ನನ್ನ ಕೈಯಲ್ಲೇ ಇದೆಯಲ್ಲ," ಎಂದಳು ಟೀಚರ್.

*

ಶುಕ್ರವಾರ ಹತ್ತೂವರೆಗೆ ಹೆಡ್ ಸರ್ ಕರೆಸಿದರು. ಅವರ ಕೋಣೆಯಲ್ಲಿ ಫ್ಯಾನು ಒಂದೇ ಸಮನೆ ಕಿರುಗುಟ್ಟುತ್ತಿತ್ತು. ಮೇಜಿನ ಮೇಲೆ ಎರಡು ಪಟ್ಟಿ. ಎಡಗಡೆ ಸೋಮವಾರದ್ದು, ಟೈಪಾಗಿ, ಸಹಿಯ ಜಾಗ ಖಾಲಿ. ಬಲಗಡೆ ಅವಳು ಕೈಯಲ್ಲಿ ಬರೆದ ಗುರುವಾರದ್ದು, ಕೆಳಗೆ ಅವಳ ಸಹಿ. ಅದರ ಮೇಲೊಂದು ಅರ್ಧ ಪುಟದ ಬರಹ: ಮೊದಲ ಪರೀಕ್ಷೆ ಯಾಕೆ ಕೆಟ್ಟಿತು, ಕೆಡಿಸಿದವರು ಯಾರು.

"ಕೂತ್ಕೊಳ್ಳಿ ಮೇಡಂ. ಈ ಅರ್ಧ ಪುಟ ಏನಿದು?"

"ನನ್ನ ತಪ್ಪು ಸರ್. ಬರೆದಿದೀನಲ್ಲ."

"ಅದೇ ಕೇಳ್ತಿರೋದು, ಯಾಕೆ ಬರೆದ್ರಿ? ಯಾರು ಕೇಳಿದ್ರು ನಿಮ್ಮನ್ನ?" ಹೆಡ್ ಸರ್ ಕೆಟ್ಟ ಮನುಷ್ಯರಲ್ಲ. ಮಕ್ಕಳು ಬಿದ್ದರೆ ಓಡಿಹೋಗಿ ಎತ್ತುತ್ತಿದ್ದರು. ಶಾಲೆಗೆ ನೀರಿನ ಟ್ಯಾಂಕು ಹಾಕಿಸಲು ನಾಲ್ಕು ವರ್ಷ ಅಲೆದವರು. ಅದಕ್ಕೇ ಅವರ ಎದುರು ಕೂರುವುದು ಇನ್ನೂ ಕಷ್ಟವಾಗಿತ್ತು. "ನೋಡಿ, ನಾಳೆ ದೊಡ್ಡ ಅಧಿಕಾರಿಗಳು ಬರ್ತಿದಾರೆ. ನಮ್ಮ ಶಾಲೆ ಮೂರನೇ ಕ್ಲಾಸೇ ಮಾದರಿ ಅಂತ ಬಾಯ್ತುಂಬ ಹೇಳಿದೀನಿ. ಈಗ ಹನ್ನೆರಡು ಅಂದ್ರೆ ನಾನು ಮುಖ ಎಲ್ಲಿಟ್ಕೊಳ್ಳಲಿ?"

"ಹನ್ನೆರಡು ಅಂದ್ರೂ ವರ್ಷದ ಮೊದಲಿಗಿಂತ ಮೂರು ಜಾಸ್ತಿನೇ ಸರ್. ಅದು ನಿಜವಾದ ಮೂರು."

"ಮೂರಕ್ಕೆ ಯಾರು ಚಪ್ಪಾಳೆ ಹೊಡೀತಾರೆ?" ಅವರು ಎಡಗಡೆಯ ಪಟ್ಟಿಯನ್ನು ಅವಳ ಕಡೆ ತಳ್ಳಿದರು. "ಇದು ಎಷ್ಟು ಚೆನ್ನಾಗಿದೆ ನೋಡಿ. ಒಂದರ ಮೇಲೊಂದು ಏರ್ತಾ ಹೋಗಿದೆ. ನೋಡೋಕೇ ಚೆಂದ. ಇದನ್ಯಾಕೆ ಕೆಡಿಸ್ತೀರಿ?"

ಟೀಚರ್ ಆ ಅಂಕಿಗಳ ಸಾಲನ್ನು ನೋಡಿದಳು. ಬಾಗಿಲಲ್ಲಿ ನಿಂತ ಬೀದಿಯ ಜನ ಕಂಡರು, ಮಡಿಲಲ್ಲಿ ಪುಸ್ತಕ ಹಿಡಿದ ಏಳು ವರ್ಷದ ಹುಡುಗಿ ಕಂಡಳು.

"ಎರಡು ವರ್ಷ ಆದ್ಮೇಲೆ ಯಾರಾದ್ರೂ ನಮ್ಮ ರೈಲಿನ ಕೈಗೆ ಹೊಸ ಪುಸ್ತಕ ಕೊಡ್ತಾರೆ ಸರ್. ಆವತ್ತು ಅವಳ ಪಕ್ಕ ನೀವೂ ಇರಲ್ಲ, ನಾನೂ ಇರಲ್ಲ, ಓದಿನಕ್ಕನೂ ಇರಲ್ಲ. ಆ ಗಂಟೆ ಹೋದ್ರೆ ಅವಳಿಗೆ ಇನ್ಯಾರೂ ಗತಿಯಿಲ್ಲ."

"ಗಂಟೆ ಹೋದ್ರೆ ಏನಂತೆ, ನೀವೇ ಕ್ಲಾಸಲ್ಲಿ ಸ್ವಲ್ಪ ನೋಡ್ಕೊಂಡ್ರಾಯ್ತು."

"ಇಪ್ಪತ್ತೆಂಟು ಮಕ್ಕಳ ಮಧ್ಯೆ ವರ್ಷವೆಲ್ಲ ನಾನೇ ನೋಡ್ಕೊಳ್ತಿದ್ದೆ ಸರ್. ಕಣ್ಣು ಮುಚ್ಕೊಂಡು."

ಹೆಡ್ ಸರ್ ಕನ್ನಡಕ ತೆಗೆದು ಒರೆಸಿದರು. ದನಿ ತಗ್ಗಿಸಿದರು. "ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಈ ಅರ್ಧ ಪುಟ ಮೇಲೆ ಹೋದ್ರೆ ನೋಟೀಸು ಬರೋದು ನಿಮಗೆ. ಪಾಠ ಬದಲಿಸ್ಲಿಲ್ಲ, ಕಾರಿಡಾರಲ್ಲಿ ಪರೀಕ್ಷೆ ಮಾಡಿದ್ರಿ. ಹದಿನಾಲ್ಕು ವರ್ಷದ ಸರ್ವೀಸು ನಿಮ್ಮದು, ಒಂದು ಕಪ್ಪು ಚುಕ್ಕೆ ಇಲ್ಲ."

"ಇಪ್ಪತ್ತೆಂಟು ಮಕ್ಕಳಿಗೆ ಬಣ್ಣ ಹಚ್ಚಿ ಗೋಡೆಗೆ ಸಿಕ್ಕಿಸ್ತೀವಲ್ಲ ಸರ್, ನಂಗೂ ಒಂದು ಕೆಂಪು ಚೀಟಿ ಇರ್ಲಿ. ಒಂದು ಜೇಬು ಖಾಲಿ ಇದೆ."

"ತಮಾಷೆ ಬೇಡ."

"ತಮಾಷೆ ಮಾಡ್ತಿಲ್ಲ."

ಹೊರಗೆ ಬಿಡುವಿನ ಗಂಟೆ ಹೊಡೆಯಿತು. ಅಂಗಳಕ್ಕೆ ಮಕ್ಕಳು ಸುರಿದ ಸದ್ದು ಬಂತು. ಹಗ್ಗ ನೆಲಕ್ಕೆ ಬಡಿಯತೊಡಗಿತು. ಸೇತುವೆಯ ಕೆಳಗೆ ನೀರು, ಎಂದು ಯಾರೋ ಶುರುಮಾಡಿದರು. ಹತ್ತಾರು ದನಿ ಕೂಡಿಕೊಂಡವು, ಎಲ್ಲಕ್ಕಿಂತ ಮುಂದೆ ರೈಲಿನ ದನಿ. ಹೆಡ್ ಸರ್ ಕಿಟಕಿಯ ಕಡೆ ಕೈ ತೋರಿಸಿದರು.

"ಕೇಳಿ ಅಲ್ಲಿ! ಇದಕ್ಕಿಂತ ಇನ್ನೇನು ಬೇಕು ನಿಮಗೆ? ಕೇಳೋಕೆ ಎಷ್ಟು ಚೆಂದ ಇದೆ."

ಚೆಂದವಿತ್ತು. ಅವಳ ಕಣ್ಣು ತಾನಾಗಿ ಮುಚ್ಚಲು ಹೊರಟಿತು. ಅವಳು ಬಿಡಲಿಲ್ಲ, ತೆರೆದ ಕಣ್ಣಲ್ಲೇ ಇಡೀ ಸಾಲು ಕೇಳಿದಳು.

ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಐದು ನಿಮಿಷವಿತ್ತು. ಹೆಡ್ ಸರ್ ಪೆನ್ನಿನ ಟೋಪಿ ತೆಗೆದು, ಪೆನ್ನನ್ನು ಎಡಗಡೆಯ ಪಟ್ಟಿಯ ಮೇಲಿಟ್ಟು, ಎರಡನ್ನೂ ಅವಳ ಮುಂದೆ ಸರಿಸಿದರು.

"ಮೇಡಂ, ಅಪ್ಪಣೆ ಅಂತ ಅಲ್ಲ, ಕೇಳ್ಕೋತಿದ್ದೀನಿ. ಮುಂದಿನ ಸಲ ನೀವು ಹೇಳ್ದಂಗೇ ಮಾಡೋಣ. ಇದೊಂದು ಸಲ ಇದಕ್ಕೆ ಸಹಿ ಹಾಕ್ಕೊಡಿ."

ಟೀಚರ್ ಪೆನ್ನು ತೆಗೆದುಕೊಂಡು ಅದರ ಟೋಪಿ ಮುಚ್ಚಿದಳು. ಮುಚ್ಚಿ, ಗುರುವಾರದ ಪಟ್ಟಿಯ ಮೇಲೆ ಅಡ್ಡಲಾಗಿ ಇಟ್ಟಳು.

"ಹಾಕಲ್ಲ ಸರ್."